ಮೂರು ಗಂಟೆಯ ದಾರಿ

"ಹೊತ್ತು ಮುಳುಗಿದ್ಮೇಲೆ ಮಣ್ಣು ಮಾಡಕಾಯ್ತದೇನ್ಲಾ? ಹಾಕ್ಲಾ!" ಎಂದು ಗುಂಡಿಯ ಆಚೆ ನಿಂತಿದ್ದ ದೊಡ್ಡಪ್ಪ ಬೋರಯ್ಯ ಗದರಿದರು. ಮೊದಲ ಹಿಡಿ ಮಣ್ಣನ್ನು ಹಿರಿಮಗನೇ ಹಾಕಬೇಕು. ಶಶಿಧರ್ ಮಣ್ಣಿನ ಮುಷ್ಟಿಯನ್ನು ಬಿಗಿಹಿಡಿದು ನಿಂತಿದ್ದ. ಕೆಳಗೆ ಅವ್ವ ಹಣೆತುಂಬ ವಿಭೂತಿ ಹಚ್ಚಿಸಿಕೊಂಡು ಮಲಗಿದ್ದಳು.

ತಂಗಿ ಅಮೃತ ಗುವಾಹಟಿಯಿಂದ ವಿಮಾನ ಹತ್ತಿದ್ದಳು. ಎರಡು ಸಾವಿರ ಕಿಲೋಮೀಟರು, ಬರೀ ಮೂರು ಗಂಟೆ ಎಂದು ಮೊಬೈಲ್ ನೋಡಿ ಹೇಳಿ, ಮಧ್ಯಾಹ್ನದಿಂದ ಎಲ್ಲರನ್ನೂ ಕಾಯಿಸಿದ್ದವನು ಅವನೇ. ವಿಮಾನ ಇಳಿದ ಮೇಲೂ ತಮ್ಮೂರು ಆತಗೂರಿಗೆ ಇನ್ನೂ ದಾರಿ ಉಂಟು ಎನ್ನುವುದು ಆ ಸಂಕಟದಲ್ಲಿ ಅವನಿಗೆ ಹೊಳೆದೇ ಇರಲಿಲ್ಲ.

ಫೋನು ಬಡಿದುಕೊಂಡಿತು. "ಅಣ್ಣಾ, ಬೆಂಗ್ಳೂರಲ್ಲಿ ಈಗ ಇಳ್ದೆ. ಕಾರ್ನೋನು ಇನ್ನೂ ಮೂರು ಗಂಟೆ ಆಯ್ತದೆ ಅಂತಾನೆ. ಅವ್ವನ ಮುಖ ಒಂದೇ ಒಂದ್ಸಲ ನೋಡ್ಬೇಕು ಕಣಣ್ಣಾ. ಕಾಯ್ತಿದ್ದೀರಿ ತಾನೆ?"

ಸೂರ್ಯ ಆಗಲೇ ಕಬ್ಬಿನ ಗರಿಗೆ ತಾಗಿದ್ದ.

"ಊಂ ಕಣವ್ವ, ಕಾಯ್ತಾವ್ರೆ. ನೀನು ಹುಸಾರಾಗಿ ಬಾ," ಎಂದ ಶಶಿಧರ್. ಮುಷ್ಟಿ ತಾನಾಗಿ ಸಡಿಲಿ, ಮಣ್ಣು ಅವ್ವನ ಎದೆಯ ಮೇಲೆ ಉದುರಿತು.

"ಫೋನ್ ಇಡಬ್ಯಾಡಣ್ಣಾ. ಒಬ್ಳೇ ಇವ್ನಿ, ಮಾತಾಡ್ತಾ ಇರು."

ಶಶಿಧರ್ ಕಿವಿಯಿಂದ ಫೋನು ಇಳಿಸದ್ದನ್ನು ಕಂಡು, ಸನಿಕೆ ಎತ್ತಿದವರ ಕೈಯನ್ನು ಬೋರಯ್ಯ ತಟ್ಟನೆ ತಡೆದರು. ತುಟಿಯ ಮೇಲೆ ಬೆರಳಿಟ್ಟು ಎಲ್ಲರ ಮುಖ ನೋಡಿದರು. ಆಮೇಲೆ ಗುಂಡಿಯ ಅಂಚಿನಲ್ಲಿ ಮಂಡಿಯೂರಿ, ಬೊಗಸೆ ಬೊಗಸೆಯಾಗಿ, ಚೂರೂ ಸದ್ದಾಗದ ಹಾಗೆ ಮಣ್ಣು ಇಳಿಸತೊಡಗಿದರು.