ಬೆಚ್ಚಗಿನ ಗೋಡೆ

ಎಲೆಕ್ಟ್ರಿಷಿಯನ್ ಐರಿನ್ ಗೋಡೆಯ ಮೇಲೆ ಅಂಗೈ ಇಟ್ಟವಳು ತಟ್ಟನೆ ಹಿಂದೆಗೆದುಕೊಂಡಳು. ಹೊರಗೆ ವಿನಿಪೆಗ್‌ನ ಹಿಮ ಸುರಿಯುತ್ತಿತ್ತು. ಗೋಡೆ ಬೆಚ್ಚಗಿರಲು ಯಾವ ಕಾರಣವೂ ಇರಲಿಲ್ಲ.

“ಮೀನು ವಾಸನೆ ಅಂತ ವಾರದಿಂದ ಬಡ್ಕೋತಿದೀನಿ,” ಎಂದಳು ಮನೆಯೊಡತಿ ಮಾರ್ಲೀನ್, ಪಕ್ಕದಲ್ಲಿದ್ದ ಗಂಡನತ್ತ ಕೈ ತೋರಿ. “ಇವ್ನು ನನ್ನ ಅಡುಗೇನ ಬೈತಾನೆ.”

“ಮೀನಲ್ಲ, ಪ್ಲಾಸ್ಟಿಕ್ ಬೇಯ್ತಿದೆ.” ಐರಿನ್ ಮೇನ್ ಸ್ವಿಚ್ ಆರಿಸಿ ಬಂದು, ಟಾರ್ಚ್ ಹಿಡಿದು ಸಾಕೆಟ್ ಬಿಚ್ಚಿದಳು. ಮನೆ ಕಟ್ಟಿದಾಗಿನ ಅಲ್ಯೂಮಿನಿಯಂ ತಂತಿಗೆ ಯಾರೋ ತಾಮ್ರದ ತಂತಿ ಹೊಸೆದು ಟೇಪು ಸುತ್ತಿದ್ದರು. ಟೇಪು ಕರಗಿ ಕಪ್ಪಾಗಿತ್ತು.

“ನಾನೇ ಹಾಕಿದ್ದು,” ಎಂದ ಗಂಡ ಗಾರ್ಡನ್, ದನಿಯಲ್ಲಿ ಇನ್ನೂ ಕೊಂಚ ಹೆಮ್ಮೆ ಉಳಿಸಿಕೊಂಡು. “ತಾಮ್ರ ಒಳ್ಳೇದು ಅಂತಾರಲ್ಲ.”

“ಒಳ್ಳೇದೇ ಮಾರಾಯ. ಅಲ್ಯೂಮಿನಿಯಂಗೆ ಹೀಗೆ ಹೊಸೆದ್ರೆ ಗಂಟು ಸಡಿಲಾಗ್ತಾ, ಕಾಯ್ತಾ ಹೋಗುತ್ತೆ. ಒಂದಿನ ಹತ್ಕೊಳ್ಳುತ್ತೆ. ಬೇರೆಲ್ಲೂ ಮಾಡಿಲ್ಲ ತಾನೇ?”

ಗಾರ್ಡನ್ ಕಿಟಕಿಯ ಬಳಿ ಹೋಗಿ ನಿಂತ. ಬೇಸಿಗೆಯ ಭಾನುವಾರಗಳಲ್ಲಿ ಬರೀ ಬೀರಿನ ಉಪಚಾರಕ್ಕೆ ಅವನು ಹೀಗೇ ತಾಮ್ರ ಹೊಸೆದು ವೈರಿಂಗ್ ಮಾಡಿಕೊಟ್ಟ ಮನೆಗಳು ಎದುರು ಸಾಲಿನಲ್ಲಿದ್ದವು. ಕತ್ತಲಾಗುತ್ತಿತ್ತು. ಜನ ಕೆಲಸದಿಂದ ಮರಳುತ್ತಿದ್ದರು. ಒಂದೊಂದೇ ಕಿಟಕಿ ಬೆಳಗಿದಂತೆ ಗಾರ್ಡನ್ ಮೆಲ್ಲಗೆ ಆ ಮನೆಯವರ ಹೆಸರು ಹೇಳತೊಡಗಿದ.