ಬೆನ್ನಿನ ಚೀಟಿ

ಮನುಷ್ಯನೊಬ್ಬನ ಜೀವಕೋಶದೊಳಗೆ ಪ್ರೋಟೀನುಗಳ ಒಂದು ಊರಿತ್ತು. ಯಾರ ಬೆನ್ನಿಗೆ ಯುಬಿಕ್ವಿಟಿನ್ ಎಂಬ ಚೀಟಿ ಅಂಟುತ್ತದೋ ಅವರು ತಾವಾಗಿಯೇ ಹೋಗಿ ಗಿರಣಿಯ ಮುಂದೆ ಸಾಲು ನಿಂತು ಪುಡಿಯಾಗಬೇಕು. ಯಾಕೆಂದು ಕೇಳಿದವರಿಲ್ಲ. ಚೀಟಿ ಕಿತ್ತು ಬದುಕಿಸುವ ಹಕ್ಕು ಇದ್ದದ್ದು ಗಿರಣಿಯ ಬಾಗಿಲಲ್ಲಿ ಕೂರುವ ಕಿಣ್ವಯ್ಯನಿಗೆ ಮಾತ್ರ. ಮೃದು ಮನಸ್ಸು, ಚೂಪು ಉಗುರು. ಅವನಿಗೂ ಒಂದು ಕಟ್ಟಳೆಯಿತ್ತು: ತನ್ನ ಚೀಟಿಯನ್ನು ತಾನೇ ಕೀಳುವ ಹಾಗಿಲ್ಲ.

ಅಂದು ಸಾಲಿನ ಮೊದಲಲ್ಲಿ ಒಬ್ಬ ಮುದುಕ ಅಳುತ್ತ ನಿಂತಿದ್ದ.

"ಏನ್ ತಪ್ಪು ಮಾಡಿದ್ರಿ ಯಜಮಾನ್ರೇ?"

"ಏನೂ ಇಲ್ಲಪ್ಪ. ಬೆನ್ನು ತುರಿಸ್ಕೊಂಡೆ, ಅಷ್ಟೇ."

"ಬೆನ್ನು ತುರಿಸ್ಕೊಂಡ್ರೂ ಚೀಟಿನಾ? ಇದ್ಯಾವ ಸೀಮೆ ನ್ಯಾಯ?" ಕಿಣ್ವಯ್ಯ ಉಗುರು ಚಾಚಿ ಎದ್ದ. "ತಿರುಗಿ ಈ ಕಡೆ."

ಒಂದೇ ಎಳೆತಕ್ಕೆ ಚೀಟಿ ಕಿತ್ತು ಬಂತು. ಮುದುಕನ ಮುಖ ಅರಳಿತು. "ನಿನ್ನ ಹೊಟ್ಟೆ ತಣ್ಣಗಿರ್ಲಿ ಮಗನೇ" ಎಂದು ಕಿಣ್ವಯ್ಯನ ಬೆನ್ನು ತಟ್ಟಿ, ಲಗುಬಗೆಯಿಂದ ಊರ ಕಡೆ ಹೊರಟ.

ಪಾಪ, ಎಂಥ ಸಾಧು ಪ್ರಾಣಿ ಎಂದುಕೊಳ್ಳುತ್ತ, ಅವನು ಮರೆಯಾಗುವವರೆಗೂ ಸಾಲಿಗೆ ಬೆನ್ನು ಹಾಕಿ ನೋಡುತ್ತಿದ್ದ ಕಿಣ್ವಯ್ಯ, ಆಮೇಲೆ ಮುಂದಿನವಳತ್ತ ತಿರುಗಿದ.

"ಬಾಮ್ಮ, ನಿಂದು ತೋರ್ಸು."

ಅವಳು ಅಲುಗಲಿಲ್ಲ. ಹಿಂದಿದ್ದವರಿಗೆ ಸ್ವಲ್ಪ ಸರಿಯಲು ಹೇಳಿ ಜಾಗ ಮಾಡಿಸಿದಳು.

"ಊರಿಗೆಲ್ಲ ಚೀಟಿ ಅಂಟ್ಸೋರು ಈಗ ನಿಮ್ಮ ಬೆನ್ನು ತಟ್ಟಿ ಹೋದ್ರಲ್ಲ, ಆ ಯಜಮಾನ್ರೇ ಅಣ್ಣ, ಕೈ ತೊಳ್ಕೊಳ್ಳೋ ಅಭ್ಯಾಸನೇ ಇಲ್ಲ. ಬನ್ನಿ, ನನ್ನ ಹಿಂದೆ ನಿಂತ್ಕೊಳ್ಳಿ."