ಅರಿಜೋನಾದ ಗೈಡು ಏನಂದ?

"ಹೌಡೀ ಫೋಕ್ಸ್!" ಎಂದು ಜಯರಾಮು ಹ್ಯಾಟನ್ನು ಹುಬ್ಬಿನವರೆಗೆ ಎಳೆದುಕೊಂಡು, ಪಂಚೆಯ ಮೇಲೇ ಬೆಲ್ಟು ಬಿಗಿದು, ಮೆಟುಚೆನ್ ಎಂಬ ಊರಿನ ತನ್ನ ಮನೆಯ ಗೋಡೆಗೆ ಕಟ್ಟಿದ್ದ ಬಿಳಿ ಬೆಡ್‌ಶೀಟಿನ ಮುಂದೆ ಹಾರಿ ನಿಂತ. ಬೆಡ್‌ಶೀಟಿನ ಮೇಲೆ ಪ್ರೊಜೆಕ್ಟರಿನಿಂದ ಹೊಳೆಯುತ್ತಿದ್ದ ಅರಿಜೋನಾದ ಕೆಂಪು ಬಂಡೆಯ ಅರ್ಧ ಭಾಗ ಈಗ ಅವನ ಹೊಟ್ಟೆಯ ಮೇಲೆ ಬಿತ್ತು. "ವೆಲ್‌ಕಮ್ ಟು ದಿ ಡೆಸರ್ಟ್! ಬಂಡೆ ನೋಡೋಕೆ ಬಂದೆ, ಮರಳಿಗೆ ಹೋಗಿ ಮರಳಿ ಬಂದೆ!"

ಸೋಫಾದಲ್ಲಿದ್ದ ಏಕೈಕ ಪ್ರೇಕ್ಷಕ ಶರಣಬಸಪ್ಪನವರು ನಗಲಿಲ್ಲ. ಕನ್ನಡ ಕೂಟದ ಸಾಂಸ್ಕೃತಿಕ ಕಾರ್ಯದರ್ಶಿಯಾದ ಅವರು ಫೆಬ್ರವರಿಯ ಹಿಮದಲ್ಲಿ, ಭಾನುವಾರದ ನಿದ್ದೆ ಬಿಟ್ಟು, ದೂರದ ಜೆರಿಕೋ ಊರಿನಿಂದ ಡ್ರೈವ್ ಮಾಡಿಕೊಂಡು ಬಂದದ್ದು ನಗುವುದಕ್ಕಲ್ಲ. ನಗು ಬರುತ್ತದೆಯೋ ಇಲ್ಲವೋ ಎಂದು ಪರೀಕ್ಷಿಸುವುದಕ್ಕೆ. ಹೋದ ಯುಗಾದಿಯಲ್ಲಿ ಜಯರಾಮು ಬೆಂಗಳೂರಿನ ಬಸ್ ಕಂಡಕ್ಟರು, ಹರಿಕಥೆ ದಾಸರು, ಟರ್ನ್‌ಪೈಕಿನ ಟೋಲ್ ಬೂತಿನ ಹೆಂಗಸು, ಎಲ್ಲರನ್ನೂ ಒಂದೇ ಗಂಟಲಿನಿಂದ ಹೊರಡಿಸುತ್ತಿದ್ದಾಗ ಇಡೀ ಸಭೆ ಎದ್ದು ಒಬ್ಬಟ್ಟಿನ ಕ್ಯೂನಲ್ಲಿ ನಿಂತುಬಿಟ್ಟಿತ್ತು. ಈ ಸಲ ಮಿಮಿಕ್ರಿಯೇ ಬೇಡವೆಂದು ಕಮಿಟಿ ಹೇಳಿತ್ತು. ಜಯರಾಮು ಫೋನಿನಲ್ಲಿ ಅಂಗಲಾಚಿದ್ದ: "ಹೊಸ ಐಟಂ ಇದೆ ಸಾರ್! ಸಮ್ಮರ್‌ನಲ್ಲಿ ಅರಿಜೋನಾಕ್ಕೆ ಹೋಗಿದ್ವಲ್ಲ, ನಮಗೇ ಅಂತ ಇಡೀ ದಿನ ಒಂದು ಜೀಪು, ಒಬ್ಬ ಗೈಡು. ಎಂಥಾ ಕ್ಯಾರೆಕ್ಟರ್ ಅಂತೀರಾ! ಒಂದ್ಸಲ ಬಂದು ನೋಡಿ."

"ಆ ಗೈಡು ಹಿಂಗ ಮಾತಾಡ್ತಿದ್ದನೇನ್ರೀ?" ಎಂದರು ಶರಣಬಸಪ್ಪನವರು. "ಇದು ಟಿವಿಯಾಗಿನ ಕೌಬಾಯ್ ದನಿ ಅಲ್ಲೇನು?"

"ಡಿಟ್ಟೋ ಹೀಗೇ ಸಾರ್! ಸುಧಾ, ನೆಕ್ಸ್ಟ್."

ಪ್ರೊಜೆಕ್ಟರಿನ ಪಕ್ಕ ಕುಳಿತಿದ್ದ ಹೆಂಡತಿ ಸುಧಾಮಣಿ ಗುಂಡಿ ಒತ್ತಿದಳು. ಜೀಪಿನ ಮುಂದೆ ಜಯರಾಮು ಮತ್ತು ಗೈಡು. ಮತ್ತೆ ಒತ್ತಿದಳು. ಕಮಾನಿನಂಥ ಬಂಡೆಯ ಕೆಳಗೆ ಜಯರಾಮು ಮತ್ತು ಗೈಡು. ಆಮೇಲೆ ಚಿತ್ರಾನ್ನದ ಡಬ್ಬಿ, ಅದರ ಆಚೀಚೆ ಅವರಿಬ್ಬರೇ.

ಶರಣಬಸಪ್ಪನವರು ಮುಂದಕ್ಕೆ ಬಾಗಿದರು. "ಒಂದ್ ಮಾತು ಕೇಳ್ಲೇನು? ಎಲ್ಲಾದ್ರಾಗೂ ನಿಮ್ಮ ಬಾಯಿ ತೆರದೈತಿ. ಅವಂದು ಒಂದ್ರಾಗೂ ತೆರದಿಲ್ಲ."

"ಅದು... ಟೈಮಿಂಗು ಸಾರ್. ಇವಳು ಕ್ಲಿಕ್ ಮಾಡೋ ಹೊತ್ತಿಗೆ ಅವನದು ಫುಲ್‌ಸ್ಟಾಪು, ನಂದು ಕಾಮಾ."

"ಸುಳ್ಳು ಯಾಕ್ರೀ ಹೇಳ್ತೀರಿ?" ಕತ್ತಲಲ್ಲೇ ಸುಧಾಮಣಿಯ ದನಿ ಬಂತು. "ಆ ಪುಣ್ಯಾತ್ಮ ಬೆಳಿಗ್ಗೆ ಗುಡ್ ಮಾರ್ನಿಂಗ್ ಅಂದ, ಅಷ್ಟೇ ಸಾರ್. ಆಮೇಲೆ ಇವರು ಶುರು ಹಚ್ಕೊಂಡ್ರು. ನಮ್ಮ ರಾಮನಗರದ ಬಂಡೆ ಹೀಗೆ, ಶ್ರವಣಬೆಳಗೊಳದ ಬಂಡೆ ಹಾಗೆ, ಆಫೀಸಲ್ಲಿ ಇವರ ಬಾಸ್ ಅನ್ನೋ ಬಂಡೆ ಇನ್ನೂ ಹೇಗೆ! ಗೈಡ್ ಅಂತ ಬಂದೋನು ಅವನು, ಗೈಡ್ ಮಾಡಿದ್ದು ಇವರು."

ಶರಣಬಸಪ್ಪನವರು ಕನ್ನಡಕ ತೆಗೆದು ಜೇಬಿಗಿಟ್ಟುಕೊಂಡರು. ಮೀಟಿಂಗ್ ಮುಗಿಯಿತು ಎನ್ನುವುದಕ್ಕೆ ಅವರದು ಅದೇ ಗುರುತು. ಅದನ್ನೂ ಎಷ್ಟೋ ಮನೆಗಳಲ್ಲಿ ಮಾಡಿ ತೋರಿಸಿ ಚಪ್ಪಾಳೆ ಗಿಟ್ಟಿಸಿದ್ದವನು ಜಯರಾಮು. ವೇದಿಕೆ ಕೈತಪ್ಪುತ್ತಿತ್ತು. ಊರವರ ದನಿಗಳನ್ನೆಲ್ಲ ಗಂಟಲಿನಲ್ಲಿ ಬಾಡಿಗೆಗಿಟ್ಟುಕೊಂಡಿದ್ದವನು ಗೈಡನ ದನಿಗಾಗಿ ತಡಕಾಡಿದ. ಇಡೀ ಹಗಲು ಮೊಣಕೈಗೆ ಮೊಣಕೈ ತಾಗಿಸಿಕೊಂಡು ಕುಳಿತಿದ್ದ ಮನುಷ್ಯನ ದನಿ ದಪ್ಪವೋ ತೆಳುವೋ, ಅದೂ ನೆನಪಿಲ್ಲ! ನೆನಪಿದ್ದದ್ದು ಇಷ್ಟೇ: ಬಿಸಿಲು ಇಳಿಯುವಾಗ ಆತ ಜೀಪು ನಿಲ್ಲಿಸಿ, ಹ್ಯಾಟು ತೆಗೆದು ಎದೆಗೆ ಹಿಡಿದು, ಗದ್ದವನ್ನಷ್ಟೇ ಎತ್ತಿ ದೂರದ ಬಂಡೆಯನ್ನು ತೋರಿಸಿದ್ದ.

ಬೇರೆ ದಾರಿ ಕಾಣದೆ ಜಯರಾಮು ಅದನ್ನೇ ಮಾಡಿದ. ಬೆಡ್‌ಶೀಟಿನಿಂದ ಪಕ್ಕಕ್ಕೆ ಸರಿದ. ಹ್ಯಾಟು ತೆಗೆದ. ಗದ್ದ ಎತ್ತಿದ. ಸುಮ್ಮನಾದ.

ಸುಧಾಮಣಿ ಅಭ್ಯಾಸಬಲದಿಂದ ಗುಂಡಿ ಒತ್ತಿದಳು. ಜನರೇ ಇಲ್ಲದ ಒಂದೇ ಒಂದು ಸ್ಲೈಡು ಅದು. ಗೋಡೆಯ ತುಂಬ ಬರೀ ಬಂಡೆ, ಸಂಜೆಯ ಕೆಂಪು. ಪ್ರೊಜೆಕ್ಟರಿನ ಫ್ಯಾನು ಗುಂಯ್‌ಗುಡುವುದು ಆಗ ಮೊದಲ ಸಲ ಕೇಳಿಸಿತು. ಶರಣಬಸಪ್ಪನವರು ಕನ್ನಡಕವನ್ನು ಜೇಬಿನಿಂದ ತೆಗೆದು ಮತ್ತೆ ಹಾಕಿಕೊಂಡರು.

"ಫೋಟೋ ತೆಗೆದೋಳು ನಾನೇ," ಎಂದಳು ಸುಧಾಮಣಿ, ತನಗೆ ತಾನೇ ಎಂಬಂತೆ. "ನೋಡ್ತಿರೋದು ಮಾತ್ರ ಈಗ."

"ಶಭಾಷ್ ರೀ!" ಶರಣಬಸಪ್ಪನವರು ಎದ್ದು ಕೈ ಕುಲುಕಿದರು. "ಯುಗಾದಿಗೆ ಇದನ್ನ ಮಾಡ್ರಿ. ಸುಮ್ನ ನಿಂತು ತೋರಸ್ರಿ, ಒಂದು ಮಾತೂ ಆಡಬ್ಯಾಡ್ರಿ. ನಿಮ್ಮ ಕಡಿಂದ ಆಗ್ತದೇನು?"

"ಆಗುತ್ತಾ ಅಂದ್ರೆ!" ಎಂದ ಜಯರಾಮು. ಮೌನದಲ್ಲಿ ಎಷ್ಟು ಬಗೆ, ಗೈಡನ ಮೌನಕ್ಕೂ ಇಮಿಗ್ರೇಷನ್ ಆಫೀಸರನ ಮೌನಕ್ಕೂ ಏನು ವ್ಯತ್ಯಾಸ ಎಂದು ಅತಿಥಿ ಶೂ ಹಾಕಿಕೊಳ್ಳುವಷ್ಟು ಹೊತ್ತೂ ವಿವರಿಸಿದ. ಅವರ ಹಿಂದೆಯೇ ಹೊರಗೆ ಬಂದು, ಹಿಮದಲ್ಲಿ ಪಂಚೆ ಎತ್ತಿ ಕಟ್ಟಿಕೊಂಡು, ಕಾರಿನ ಕಿಟಕಿಗೆ ತಲೆ ಹಾಕಿ ಮುಂದುವರಿಸಿದ. "ಮೌನ ಅಂದ್ರೇನು ಸಾರ್? ಮನಸ್ಸಿನ ಫೋನು! ರಿಂಗ್ ಆಗಲ್ಲ, ಆದ್ರೆ ಕನೆಕ್ಷನ್ ಇರುತ್ತೆ!" ಪ್ರತಿ ಮಾತಿಗೂ ಬಾಯಿಂದ ಬುಸುಬುಸು ಹೊಗೆ. ಶರಣಬಸಪ್ಪನವರು "ಹೌದ್ರೀ, ಹೌದ್ರೀ" ಎನ್ನುತ್ತಲೇ ಗಾಜು ಏರಿಸುತ್ತಿದ್ದರು.

ಕಾರು ತಿರುವಿನಲ್ಲಿ ಮರೆಯಾದ ಮೇಲೆ ಜಯರಾಮು ಓಡಿ ಬಂದು ಬಾಗಿಲು ತಳ್ಳಿದ. ಒಳಗಿನಿಂದ ಬೋಲ್ಟು ಬಿದ್ದಿತ್ತು. ಕತ್ತಲಾಗಿದ್ದ ಬೀದಿಯಲ್ಲಿ ಅವನ ಮನೆಯ ಕಿಟಕಿಯೊಂದೇ ಆ ಬಂಡೆಯ ಕೆಂಪಿನಲ್ಲಿ ಹೊಳೆಯುತ್ತಿತ್ತು.